ಕಲ್ಲಿಗೆ ನಾಮಕರಣ

ಭದ್ರಾವತಿಯಲ್ಲಿ ನಮ್ಮ ನೆಂಟರ ಬೀದಿಯಲ್ಲಿ ಮನೆಗೆ ಪಾಯ ತೋಡುವಾಗ ಒಂದು ಕಪ್ಪು ಕಲ್ಲು ಸಿಕ್ಕಿತು. ತೆಂಗಿನಕಾಯಿ ಗಾತ್ರ, ಕೈ ಜಗ್ಗುವ ಭಾರ, ಗಾಜಿನಂಥ ಹೊಳಪು, ಮೈತುಂಬ ಸೆಟ್ ದೋಸೆಯಂಥ ತೂತು. ಹತ್ತು ನಿಮಿಷದಲ್ಲಿ ಅದು ಉಲ್ಕೆಯಾಯಿತು. ಹನ್ನೊಂದನೆಯ ನಿಮಿಷಕ್ಕೆ ಕುಂಕುಮ ಬಿತ್ತು.

ಎದುರು ಮನೆ ಹುಡುಗ ಕಲ್ಲು ಗುರುತಿಸುವ ಆ್ಯಪ್ ತೆಗೆದ. ಮೊದಲ ಫೋಟೋಗೆ ಆಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಗಾಜು, ಅಂತ ಬಂತು. ಫ್ಲ್ಯಾಶ್ ಹಾಕಿದ್ದಕ್ಕೆ ಹೆಮಟೈಟ್ ಎಂಬ ಕಬ್ಬಿಣದ ಅದಿರು. ಮೂರನೆಯದರಲ್ಲಿ ಅವನ ಹೆಬ್ಬೆರಳೂ ಬಿದ್ದಿತ್ತು, ಆಗ ಗುಲಾಬಿ ಬೆಣಚುಕಲ್ಲು. ನಾಲ್ಕನೆಯದಕ್ಕೆ ದುಡ್ಡು ಕೇಳಿತು. ಮೂರು ಸಲ ಮೂರು ಹೆಸರು ಹೇಳಿದ ಆ್ಯಪ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕಲ್ಲೇ ಅಷ್ಟು ಅಪರೂಪದ್ದು ಅಂತಾಯಿತು.

ಯಾರೋ ಫ್ರಿಜ್ ಮೇಲಿನ ಆಯಸ್ಕಾಂತದ ಗೊಂಬೆ ತಂದು ಒತ್ತಿದರು. ಅಂಟಿತು. "ನೋಡ್ರಿ, ಆಕಾಶದ್ದೇ!" ಆ ಲೆಕ್ಕದಲ್ಲಿ ನಮ್ಮ ಅತ್ತಿಗೆಯ ದೋಸೆ ಹೆಂಚೂ ಮಂಗಳ ಗ್ರಹದಿಂದಲೇ ಬಿದ್ದಿರಬೇಕು. ನಾಸಾದವರು ಕೋಟಿಗಟ್ಟಲೆ ಕೊಡುತ್ತಾರೆ ಎಂಬ ಮಾತೂ ಬಂತು. ಅಕ್ಕಿ ಎಳೆಯುವ ಪಾತ್ರೆ (ರೈಸ್ ಪುಲ್ಲಿಂಗ್) ಅಂತ ಮಾರಿ ಟೋಪಿ ಹಾಕುವವರೂ ಇದೇ ನಾಸಾದ ಹೆಸರು ಹೇಳುತ್ತಾರೆ. ಪಾಪ, ರಾಕೆಟ್ ಬಿಡುವುದಕ್ಕೆ ಅವರಿಗೆ ಯಾವಾಗ ಪುರಸೊತ್ತಾಗುತ್ತದೋ.

ನಾನು ಸುಮ್ಮನಿರಬೇಕಿತ್ತು. "ಟೈಲ್ಸ್ ಚೂರಿದ್ರೆ ಕೊಡಿ, ಒರಟು ಹಿಂಬದಿಗೆ ಉಜ್ಜಿ ಗೆರೆ ಯಾವ ಬಣ್ಣ ಬರುತ್ತೆ ನೋಡೋಣ" ಅಂದೆ. ಹೆಮಟೈಟ್ ಹೊರಗೆ ಎಷ್ಟೇ ಕಪ್ಪಗಿದ್ದರೂ ಗೆರೆ ಕೆಂಪು, ಆಯಸ್ಕಾಂತಕ್ಕೆ ಅಂಟುವ ಅದಿರು ಮ್ಯಾಗ್ನೆಟೈಟಿನದು ಕಪ್ಪು. ಮೋಸ್ ಎಂಬ ಪುಣ್ಯಾತ್ಮ 1812ರಲ್ಲೇ ಬಳಪದ ಕಲ್ಲಿಗೆ 1, ವಜ್ರಕ್ಕೆ 10 ಅಂತ ಗಡಸುತನಕ್ಕೆ ಅಂಕ ಕೊಟ್ಟಿದ್ದಾನೆ. ಉಗುರಿಗೆ ಎರಡೂವರೆ, ಚಾಕುವಿಗೆ ಐದೂವರೆ. ಗೀರಿ ನೋಡಿದರಾಯಿತು, ಖರ್ಚು ಸೊನ್ನೆ.

ಇಡೀ ಬೀದಿ ನನ್ನನ್ನು ದೇವರ ಮೂರ್ತಿಗೆ ಮೊಳೆ ಹೊಡೆಯಲು ಬಂದವನಂತೆ ನೋಡಿತು. "ಉಜ್ಜಿದ್ರೆ ರೇಟ್ ಬಿದ್ದೋಗುತ್ತೆ ಸಾರ್" ಅಂದರು ಮನೆ ಕಟ್ಟಿಸುವವರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ತೂತಿನ ಮಾತೆತ್ತಿದೆ. ಉಲ್ಕಾಶಿಲೆಯಲ್ಲಿ ಹೀಗೆ ಗುಳ್ಳೆ ತೂತು ಇರುವುದು ತೀರಾ ಅಪರೂಪ ಅಂದೆ. "ಅದಕ್ಕೇ ಅಲ್ವಾ ಸಾರ್ ಇದು ಅಪರೂಪದ್ದು!" ಬಾಯಿ ಮುಚ್ಚಿಕೊಂಡೆ.

(ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂವೈಜ್ಞಾನಿಕ ಸರ್ವೇಕ್ಷಣೆಯವರೇ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿ ಬೋರ್ಡ್ ಬರೆಸಿದ್ದಾರೆ. ನಾನು ಹೋದಾಗಲೆಲ್ಲ ಅದರ ಮೇಲೆ ಕಡಲೆಕಾಯಿ ಸಿಪ್ಪೆ. ಕುಂಕುಮ ಮಾತ್ರ ಒಂದು ದಿನವೂ ಕಂಡಿಲ್ಲ.)

ಸಂಜೆ ಹೊತ್ತಿಗೆ ಮೂಲೆಮನೆಯ ಅಜ್ಜ ಲುಂಗಿ ಎತ್ತಿಕಟ್ಟಿಕೊಂಡು ಬಂದರು. 1923ರಿಂದ ಕಬ್ಬಿಣದ ಕುಲುಮೆ ಉರಿದ ಊರಿದು. ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ ಬದುಕಿದ ಊರು. ಅಜ್ಜನೂ ಫರ್ನೇಸ್‌ನಲ್ಲಿ ದುಡಿದು ರಿಟೈರ್ ಆದವರು. ಹೂವು ಪಕ್ಕಕ್ಕೆ ಸರಿಸಿ, ತೂತಿನ ಮೇಲೆ ಹೆಬ್ಬೆರಳಾಡಿಸಿ, ಮಗುವಿನ ಕೆನ್ನೆ ತಟ್ಟುವ ಹಾಗೆ ಎರಡು ಸಲ ತಟ್ಟಿದರು.

"ಕಿಟ್ಟ ಮಾರಾಯ್ರೆ ಇದು. ಅದಿರು ಕರಗಿಸಿದಾಗ ಮೇಲೆ ತೇಲೋ ಕಸ. ನೈಟ್ ಶಿಫ್ಟಲ್ಲಿ ನಾನೇ ಹರಿಸಿದ್ದಿರಬಹುದು."

ಒಂದು ಕ್ಷಣ ಎಲ್ಲರೂ ಮೌನ. ಆಮೇಲೆ ಯಾರೋ ಮೆಲ್ಲಗೆ, "ಅಜ್ಜಂಗೆ ವಯಸ್ಸಾಯ್ತು" ಅಂದರು.

ಅಜ್ಜನಿಗೆ ರೇಗಿತು. "ವಯಸ್ಸಂತೆ! ನನ್ನ ಕಾಂಪೌಂಡ್ ಬುಡಕ್ಕೆ ಇದನ್ನೇ ಎರಡು ಟ್ರ್ಯಾಕ್ಟರ್ ಲೋಡ್ ತುಂಬಿಸಿದ್ದೀನಿ, ಬಂದು ನೋಡ್ರೋ" ಅಂದುಬಿಟ್ಟರು.

ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಅವರ ಕಾಂಪೌಂಡಿನ ಬುಡವನ್ನು ಮೂರು ಕಡೆ ಅಗೆದಿದ್ದರು.