ಎರಡನೆಯವರಿಗೆ ಶಾಲು ಇಲ್ಲ

‘ದೇಶದ ಮೊದಲ ಟ್ರಾನ್ಸ್‌ಮ್ಯಾನ್’ ಮತ್ತೊಬ್ಬರು ಸಿಕ್ಕಿದ್ದಾರಂತೆ. ಯಾವುದರಲ್ಲಿ ಮೊದಲು ಅಂತ ಕೇಳಬೇಡಿ, ಹೆಡ್‌ಲೈನ್ ಬರೆದವರಿಗೂ ಅದು ಆಮೇಲಿನ ಮಾತು. ಮೊದಲಿಗರಾದರೆ ಹಾರ, ಶಾಲು, ಸಚಿವರ ಪಕ್ಕ ನಿಂತು ಫೋಟೋ. ಎರಡನೆಯವರಾದಿರೋ, ಕೆಟ್ಟಿರಿ.

ಗ್ಯಾರೇಜಿನಲ್ಲಿ ಬೈಕ್ ರಿಪೇರಿ ಮಾಡುವವರು, ಕೋಡ್ ಬರೆಯುವವರು, ಜಿಮ್ ಟ್ರೇನರ್, ರಾತ್ರಿ ಪಾಳಿಯ ನರ್ಸ್, ಕರಿ ಕೋಟು ಹಾಕಿದ ವಕೀಲರು, ಹೀಗೆ ಎಷ್ಟೋ ಟ್ರಾನ್ಸ್ ಗಂಡಸರು ಬೆಳಗಾದರೆ ಸುಮ್ನೆ ಕೆಲಸಕ್ಕೆ ಹೋಗುತ್ತಾರೆ. ಅದೆಲ್ಲ ಸುದ್ದಿಯಾ? ನಮಗೆ ಟ್ರಾನ್ಸ್ ಅಂದರೆ ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟುವವರು, ಇಲ್ಲವೇ ಪದ್ಮಶ್ರೀ ಮಂಜಮ್ಮ ಜೋಗತಿ. ಹೆಣ್ಣು ಅಂತ ಬರೆಸಿಕೊಂಡು ಹುಟ್ಟಿ ಗಂಡಾಗಿ ಬದುಕುವವರೂ ಇದ್ದಾರೆ ಅಂದರೆ ‘ಹಂಗೂ ಇರ್ತಾರಾ?’ ಅಂತ ಕಣ್ಣರಳಿಸುತ್ತೇವೆ. ಅಂಥವರಲ್ಲೊಬ್ಬರು ಆರ್ಯನ್ ಪಾಶಾ, 2018ರ ಮಸಲ್‌ಮೇನಿಯಾ ಇಂಡಿಯಾ ಅನ್ನೋ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಗಂಡಸರ ಜೊತೆಯೇ ಸ್ಪರ್ಧಿಸಿ ಎರಡನೇ ಸ್ಥಾನ ಪಡೆದರು. ನೋಡಿ, ಎರಡನೇ ಸ್ಥಾನ! ಅದಕ್ಕೇ ಇರಬೇಕು ನಿಮಗೆ ಹೆಸರು ನೆನಪಿಲ್ಲದ್ದು.

ಇನ್ನು ಕೇರಳದ ಟ್ರಾನ್ಸ್ ಗಂಡಸು ಆಡಂ ಹ್ಯಾರಿ ಕಥೆ. ದಕ್ಷಿಣ ಆಫ್ರಿಕಾದಲ್ಲಿ ಕಲಿತು ಖಾಸಗಿ ಪೈಲಟ್ ಲೈಸೆನ್ಸ್ ತಂದರು. ಮುಂದಿನ ತರಬೇತಿಗೆ ಕೇರಳ ಸರ್ಕಾರ 23 ಲಕ್ಷಕ್ಕೂ ಜಾಸ್ತಿ ಮಂಜೂರು ಮಾಡಿತು. ಎಲ್ಲರೂ ಬೆನ್ನು ತಟ್ಟಿದ್ದೇ ತಟ್ಟಿದ್ದು. 2020ರ ವೈದ್ಯಕೀಯ ಪರೀಕ್ಷೆಯಲ್ಲಿ ಗೊತ್ತಾಯಿತು, ದೇಹ ಗಂಡಿನಂತಾಗಲು ಹಾರ್ಮೋನ್ ಚಿಕಿತ್ಸೆ ನಡೆಯುತ್ತಿದೆ, ಆದ್ದರಿಂದ ಸದ್ಯಕ್ಕೆ ಅನರ್ಹ. ವಿಮಾನ ಹಾರಿಸಬೇಕಾದವರು ಹೊಟ್ಟೆಪಾಡಿಗೆ ಊಟದ ಡೆಲಿವರಿಗೆ ಇಳಿದರು. ಅಂದರೆ ಹಾರ್ಮೋನ್ ತಗೊಂಡು ನಮ್ಮ ಟ್ರಾಫಿಕ್‌ನಲ್ಲಿ, ಗುಂಡಿ ತಪ್ಪಿಸಿ, ಬಿರಿಯಾನಿ ಆರುವುದರೊಳಗೆ ಬೈಕ್ ಓಡಿಸಬಹುದು, ಖಾಲಿ ಆಕಾಶದಲ್ಲಿ ಮಾತ್ರ ಅಪಾಯ! ವಿಮಾನಯಾನ ಇಲಾಖೆಗೆ ಟ್ರಾನ್ಸ್ ಪೈಲಟ್‌ಗಳಿಗೊಂದು ಮಾರ್ಗಸೂಚಿ ಹೊರಡಿಸಲು 2022ರ ಆಗಸ್ಟ್ ಬರಬೇಕಾಯಿತು.

ಕಾಗದದ ಕಥೆ ಇನ್ನೂ ಚೆಂದ. ಇಂಟರ್ವ್ಯೂ ಟೇಬಲ್ಲಿನ ಈ ಕಡೆ ಗಡ್ಡ ಬಿಟ್ಟ ಹುಡುಗ. ಆ ಕಡೆ ಎಚ್ಆರ್ ಮೇಡಂ ಕೈಯಲ್ಲಿ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್, ಅದರಲ್ಲಿ ಹೆಣ್ಣಿನ ಹೆಸರು. ಜೊತೆಗಿದ್ದ ಹಾಲ್ ಟಿಕೆಟ್ಟಿನ ಫೋಟೋದಲ್ಲಿ ಎರಡು ಜಡೆ, ಕೆಂಪು ರಿಬ್ಬನ್. ‘ಅಕ್ಕಂದು ತಂದ್ಬಿಟ್ಟಿದೀರಾ?’ ಅಂತ ಮೇಡಂ ತುಂಬ ಪ್ರೀತಿಯಿಂದಲೇ ಕೇಳುತ್ತಾರೆ. ಅಫಿಡವಿಟ್ ಮಾಡಿಸಿ, ಪೇಪರ್ ಜಾಹೀರಾತು ಕೊಟ್ಟು, ಗೆಜೆಟ್‌ಗೆ ಅಲೆದು, ಆಧಾರ್ ಸರಿ ಮಾಡಿಸಿದರೆ ಪ್ಯಾನ್ ಹೊಂದಲ್ಲ, ಪ್ಯಾನ್ ಹೊಂದಿಸಿದರೆ ಬ್ಯಾಂಕಿನವರ ಮುಖ ಹೊಂದಲ್ಲ.

ಹಾಗಂತ ಸರ್ಕಾರ ಸುಮ್ಮನೆ ಕೂತಿಲ್ಲ ಬಿಡಿ. ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್ ಸಮುದಾಯಕ್ಕೆ ಶೇ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದೇ, 2021ರಲ್ಲಿ. ಬಹಳ ಒಳ್ಳೆಯದು, ನಿಜವಾಗಿಯೂ. ಆದರೆ ನೀವು ಯಾರು ಅನ್ನೋದಕ್ಕೆ ಮೊದಲು ಜಿಲ್ಲಾಧಿಕಾರಿ ಸರ್ಟಿಫಿಕೇಟ್ ಕೊಡಬೇಕು. ಆಪರೇಷನ್ ಮಾಡಿಸಿಕೊಂಡೇ ಬನ್ನಿ ಅನ್ನೋದು ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಆದರೂ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ ‘ಟ್ರಾನ್ಸ್‌ಜೆಂಡರ್’ ಅಂತ ಬರೆಸಿಕೊಳ್ಳಿ, ‘ಗಂಡು’ ಅಂತ ಬೇಕಾದರೆ ಆಪರೇಷನ್ ಆಯಿತು ಅನ್ನೋ ಆಸ್ಪತ್ರೆಯ ಚೀಟಿ ತನ್ನಿ ಅಂದಿತು.

ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಮನೆ? ಕೊಚ್ಚಿ ಮೆಟ್ರೋ 2017ರಲ್ಲಿ ಟ್ರಾನ್ಸ್ ಸಮುದಾಯದವರಿಗೆ ಕೆಲಸ ಕೊಟ್ಟಾಗ ದೇಶವೆಲ್ಲ ಹೊಗಳಿತು. ಬಾಡಿಗೆ ಮನೆ ಕೊಡುವವರಿಲ್ಲದೆ ಶುರುವಿನಲ್ಲೇ ಹಲವರು ಕೆಲಸ ಬಿಟ್ಟರು. ಹೊಗಳಿದವರಲ್ಲಿ ಎಷ್ಟು ಜನ ಮನೆ ಓನರ್‌ಗಳಿದ್ದರೋ.

ಒಂದು ವಿಷಯಕ್ಕೆ ಮಾತ್ರ ತಮಾಷೆ ಹೊಳೆಯುತ್ತಿಲ್ಲ. ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದವನಿಗೆ ಕನಿಷ್ಠ 10 ವರ್ಷ ಜೈಲು. ಟ್ರಾನ್ಸ್ ವ್ಯಕ್ತಿಯ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ 2019ರ ಕಾಯ್ದೆ ಬರೆದಿಟ್ಟದ್ದು ಆರು ತಿಂಗಳು, ಬಹಳ ಅಂದರೆ 2 ವರ್ಷ. ಕಾಯ್ದೆಯ ಹೆಸರಲ್ಲಿ ‘ರಕ್ಷಣೆ’ ಅಂತ ಬೇರೆ ಇದೆ. ಥೂ.