ಬರೀ ಕಥೆ ಓದಿಸುವ ತರಗತಿಯಲ್ಲ

ಅಮೆರಿಕದ ಹೈಸ್ಕೂಲಿನ ಮೊದಲ ವರ್ಷ, ಅಂದರೆ ಒಂಬತ್ತನೇ ತರಗತಿಯ ಇಂಗ್ಲಿಷಿನಲ್ಲಿ ಹಳೆಯ ನಾಟಕ, ಕಾದಂಬರಿಗಳನ್ನು ಓದಿಸುವುದಷ್ಟೇ ನಡೆಯುತ್ತದೆ ಎಂದು ನಿಮ್ಮಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಖಂಡಿತ ಒಪ್ಪಲಾರೆ. 2010ರಲ್ಲಿ ಬಂದ, ಹಲವು ರಾಜ್ಯಗಳು ಅಳವಡಿಸಿಕೊಂಡ ಕಾಮನ್ ಕೋರ್ ಮಾನದಂಡಗಳನ್ನು, ಅಂದರೆ ಯಾವ ತರಗತಿಯಲ್ಲಿ ಏನು ಕಲಿಯಬೇಕು ಎಂದು ಹೇಳುವ ಪಟ್ಟಿಯನ್ನು ನೋಡಿ. 9–10ನೇ ತರಗತಿಯ ವಿದ್ಯಾರ್ಥಿ ತನ್ನ ಮಾತನ್ನು ಪಠ್ಯದಲ್ಲಿರುವ ಸಾಕ್ಷ್ಯದಿಂದಲೇ ಸಮರ್ಥಿಸಬೇಕು; ಎದುರುವಾದವನ್ನೂ ನ್ಯಾಯವಾಗಿ ಮಂಡಿಸಿ, ಎರಡರ ಬಲವನ್ನೂ ಮಿತಿಯನ್ನೂ ತೋರಿಸಬೇಕು. ಹದಿನಾಲ್ಕರ ಹುಡುಗಿ ‘ಈ ಪಾತ್ರ ಹೇಡಿ’ ಎಂದು ಬರೆದರೆ, ‘ಯಾವ ಸಾಲು ಹಾಗೆ ಹೇಳುತ್ತದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎಳೆಯ ವಯಸ್ಸಿನಲ್ಲಿ ಇದು ಸಣ್ಣ ಕಲಿಕೆಯೇ? ವ್ಯಾಕರಣವೂ ಇದೆ, ಇರಲಿ. ಆದರೆ ಬರೆದದ್ದನ್ನು ತಿದ್ದಿ ಮತ್ತೆ ಬರೆಯುವ ಅಭ್ಯಾಸವನ್ನು ಲೇಖನ ಮುಟ್ಟಿಯೇ ಇಲ್ಲ. ದಯವಿಟ್ಟು ಅದರ ಬಗ್ಗೆಯೂ ಬರೆಯಿರಿ.