ವೃದ್ಧಾಶ್ರಮಕ್ಕೆ ಸೇರಿಸಿದರೆ ಜೈಲಾ? ಒಂದು ಸ್ಪಷ್ಟನೆ

‘ಅಪ್ಪ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಿದರೆ 3 ತಿಂಗಳು ಜೈಲು’ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಓಡಾಡುತ್ತಿದೆ. ಇದು ಅರ್ಧ ಸತ್ಯ. 2007ರ ಹಿರಿಯ ನಾಗರಿಕರ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಜೈಲು ಇರುವುದು ನಿಜ. ಆದರೆ ಅದು ಹಿರಿಯರನ್ನು ಪೂರ್ತಿ ಕೈಬಿಡಬೇಕು ಅಂತಲೇ ಎಲ್ಲೋ ಬಿಟ್ಟುಹೋದವರಿಗೆ. ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, ‘ಟಿಕೆಟ್ ತರ್ತೀನಿ’ ಅಂತ ಹೋಗಿ ಫೋನ್ ಆಫ್ ಮಾಡಿಕೊಳ್ಳುತ್ತಾರಲ್ಲ, ಅಂಥವರಿಗೆ. ಸೊಂಟ ಮುರಿದುಕೊಂಡ ಅಮ್ಮನನ್ನು ಕೇಳಿ, ಒಪ್ಪಿಸಿ, ನರ್ಸ್ ಇರುವ ಕಡೆ ಸೇರಿಸಿ, ತಿಂಗಳ ಫೀಸು ಕಟ್ಟಿ, ಆಗಾಗ ಹೋಗಿ ನೋಡಿಕೊಂಡು ಬರುವುದು ಅಪರಾಧವಲ್ಲ. ಆಗಿದ್ದರೆ ಅದೇ ಕಾಯ್ದೆಯ 19ನೇ ಸೆಕ್ಷನ್, ಬಡ ಹಿರಿಯರಿಗಾಗಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಅಂತ ಯಾಕೆ ಹೇಳುತ್ತಿತ್ತು, ಅಲ್ವಾ? ಸೇರಿಸಿ ಆಮೇಲೆ ಆ ಕಡೆ ತಲೆಯೇ ಹಾಕದಿದ್ದರೆ ಮಾತು ಬೇರೆ. ಖರ್ಚಿಗೆ ಕೊಡದ ಮಕ್ಕಳ ಮೇಲೆ ಹಿರಿಯರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಹಿರಿಯರ ಸಹಾಯವಾಣಿ 14567.